1,400 ಫುಟ್‌ಬಾಲ್ ಫೋಟೋಗಳಿಗೆ ಸಬ್ಜೆಕ್ಟ್ ಹೆಡಿಂಗ್ ಕೊಟ್ಟ ಅನುಭವ

ಅಮೆರಿಕದಲ್ಲಿ ಲೈಬ್ರರಿ ಸೈನ್ಸ್ ಮಾಸ್ಟರ್ಸ್ ಓದ್ತಿದ್ದಾಗ ಎರಡು ಸೆಮಿಸ್ಟರ್ ಯೂನಿವರ್ಸಿಟಿ ಆರ್ಕೈವ್ಸ್‌ನಲ್ಲಿ ಪಾರ್ಟ್‌ಟೈಮ್ ಕೆಲಸ ಮಾಡ್ದೆ. ವಾರಕ್ಕೆ 15 ಗಂಟೆ. ಆ ಎರಡೂ ಸೆಮಿಸ್ಟರ್ ನನ್ನ ಕೈಲಿದ್ದಿದ್ದು ಒಂದೇ ಕೆಲಸ, ಕಾಲೇಜ್ ಫುಟ್‌ಬಾಲ್ ಫೋಟೋಗಳಿಗೆ ಸಬ್ಜೆಕ್ಟ್ ಹೆಡಿಂಗ್ ಕೊಡೋದು. ಸ್ಕ್ಯಾನಿಂಗ್ ನಾನು ಸೇರೋ ಮುಂಚೆನೇ ಮುಗಿದಿತ್ತು, ಸುಮಾರು 1,400 ಫೋಟೋ, 1900ರ ಆಚೀಚೆಯಿಂದ ಹಿಡಿದು 1970ರ ದಶಕದವರೆಗೂ ಇರೋವು. ಕೆಲವು ಪ್ರಿಂಟ್, ಬಹಳಷ್ಟು ನೆಗೆಟಿವ್. ಕವರ್ ಮೇಲೆ ಪೆನ್ಸಿಲ್‌ನಲ್ಲಿ ಎರಡು ಪದ ಬರೆದಿದ್ರೆ ನಮ್ಮ ಪುಣ್ಯ, ಇಲ್ಲಾಂದ್ರೆ ಅದೂ ಇಲ್ಲ.

ಗೊತ್ತಿಲ್ದೋರಿಗೆ ಒಂದು ಮಾತು. ಸಬ್ಜೆಕ್ಟ್ ಹೆಡಿಂಗ್ ಅಂದ್ರೆ ನಮಗೆ ತೋಚಿದ ಪದ ಬರೆಯೋ ಹಾಗಿಲ್ಲ. ಒಂದು ವಿಷಯಕ್ಕೆ ಒಂದೇ ಪದ, ಒಂದೇ ಸ್ಪೆಲ್ಲಿಂಗ್, ಅದು ಒಂದು ಲಿಸ್ಟಲ್ಲಿ ಮೊದಲೇ ಇರಬೇಕು. ನಾವು ಬಳಸ್ತಿದ್ದಿದ್ದು ಲೈಬ್ರರಿ ಆಫ್ ಕಾಂಗ್ರೆಸ್ ಸಬ್ಜೆಕ್ಟ್ ಹೆಡಿಂಗ್ಸ್, ಅಮೆರಿಕದ ಸಂಸತ್ತಿನ ಲೈಬ್ರರೀಲಿ 1898ರಲ್ಲಿ ಶುರುವಾದ ಲಿಸ್ಟ್ ಅದು, ಇವತ್ತಿಗೂ ಬೆಳೀತಾನೇ ಇದೆ. ಜೊತೆಗೆ ಚಿತ್ರಗಳಿಗೇ ಅಂತ ಅದೇ ಲೈಬ್ರರಿಯ ಪ್ರಿಂಟ್ಸ್ ಅಂಡ್ ಫೋಟೋಗ್ರಾಫ್ಸ್ ಡಿವಿಷನ್‌ನೋರು ಮಾಡಿರೋ ಪದಪಟ್ಟಿ, ಥಿಸಾರಸ್ ಫಾರ್ ಗ್ರಾಫಿಕ್ ಮೆಟೀರಿಯಲ್ಸ್, ಅದ್ರಲ್ಲಿ 7,000ಕ್ಕೂ ಹೆಚ್ಚು ಪದ ಇದೆ. ಒಬ್ಬರು ಚೆಂಡಾಟ ಅಂತಾರೆ, ಇನ್ನೊಬ್ಬರು ಮ್ಯಾಚ್ ಅಂತಾರೆ, ಮತ್ತೊಬ್ಬರು ಗೇಮ್ ಅಂತಾರೆ, ಎಲ್ರಿಗೂ ಅದೇ ಫೋಟೋ ಸಿಗಬೇಕು ಅಂದ್ರೆ ಹಿಂದುಗಡೆ ಒಂದು ಪದಕ್ಕೆ ಎಲ್ಲಾನೂ ಕಟ್ಟಿ ಹಾಕ್ಲೇಬೇಕು.

ನನಗೆ ಮೊದಲ ದಿನ ಬಂದ ಗೊಂದಲ ಫುಟ್‌ಬಾಲ್ ಅನ್ನೋ ಪದದ್ದೇ. ನಮಗೆ ಫುಟ್‌ಬಾಲ್ ಅಂದ್ರೆ ಕಾಲಲ್ಲಿ ಒದೆಯೋದು, ಆ ಲಿಸ್ಟಲ್ಲಿ ಅದಕ್ಕೆ ಸಾಕರ್ ಅಂತ ಹೆಸರು, ಫುಟ್‌ಬಾಲ್ ಅಂತ ಇರೋದು ಅಮೆರಿಕನ್ನರ ಮೊಟ್ಟೆ ಆಕಾರದ ಚೆಂಡಿನ ಆಟಕ್ಕೆ ಮಾತ್ರ. ಇದು ತಲೇಲಿ ಕೂತ ಮೇಲೂ ಒಂದು ಪ್ರಶ್ನೆ ಕಾಡ್ತಿತ್ತು. 1869ರ ನವೆಂಬರ್ 6ಕ್ಕೆ ನ್ಯೂಜೆರ್ಸಿಯ ನ್ಯೂ ಬ್ರನ್ಸ್‌ವಿಕ್‌ನಲ್ಲಿ ರಟ್ಗರ್ಸ್‌ಗೂ ಪ್ರಿನ್ಸ್‌ಟನ್‌ಗೂ ಆಟ ನಡೀತಲ್ಲ, ರಟ್ಗರ್ಸ್ 6-4ರಲ್ಲಿ ಗೆದ್ದಿದ್ದು, ಅದನ್ನೇ ಎಲ್ರೂ ಮೊದಲ ಕಾಲೇಜ್ ಫುಟ್‌ಬಾಲ್ ಗೇಮ್ ಅಂತಾರೆ, ಆದ್ರೆ ಅವತ್ತು ಒಂದೊಂದು ಕಡೆ 25 ಜನ ಇದ್ರು, ಚೆಂಡನ್ನ ಕೈಲಿ ಹಿಡ್ಕೊಂಡು ಓಡೋ ಹಾಗೇ ಇರ್ಲಿಲ್ಲ, ನೋಡೋಕೆ ಸಾಕರ್‌ಗೇ ಹತ್ರ. ಅದಕ್ಕೆ ಯಾವ ಹೆಡಿಂಗ್? ನಮ್ಮ ಸೂಪರ್‌ವೈಸರ್ ಮೇಡಮ್ಮನ್ನ ಕೇಳ್ದೆ. ಅವರು ಸ್ವಲ್ಪ ಯೋಚನೆ ಮಾಡಿ "ಅದನ್ನ ಹುಡುಕ್ಕೊಂಡು ಬರೋರು ಏನಂತ ಕರೀತಾರೋ ಅದೇ" ಅಂದ್ರು. ಆ ಫೋಟೋ ನಮ್ಮ ಹತ್ರ ಇರ್ಲೂ ಇಲ್ಲ, ಆದ್ರೂ ಆ ಉತ್ತರ ಮುಂದೆ ಎಷ್ಟು ಸಲ ಕೆಲಸಕ್ಕೆ ಬಂತೋ ಲೆಕ್ಕ ಇಲ್ಲ.

ಆಟ ಗೊತ್ತಿಲ್ದೇ ಹೆಡಿಂಗ್ ಕೊಡೋಕಾಗಲ್ಲ ಅಂತ ಎರಡನೇ ವಾರಕ್ಕೇ ಗೊತ್ತಾಯ್ತು. ಲಿಸ್ಟಲ್ಲಿ ಪಾಸಿಂಗ್‌ಗೆ, ಅಂದ್ರೆ ಕೈಯಿಂದ ಚೆಂಡು ಎಸೆಯೋದಕ್ಕೆ, ಬೇರೆ ಹೆಡಿಂಗ್ ಇದೆ, ಕಿಕಿಂಗ್‌ಗೆ ಬೇರೆ, ಟೀಮಿನ ಆಟ ನಡೆಸೋ ಕ್ವಾರ್ಟರ್‌ಬ್ಯಾಕ್‌ಗಳಿಗೆ ಬೇರೆ. ನಿಂತ ಚಿತ್ರದಲ್ಲಿ ಒಬ್ಬ ಹುಡುಗ ಕೈ ಹಿಂದಕ್ಕೆ ಎತ್ತಿದ್ರೆ ಅವನು ಪಾಸ್ ಮಾಡ್ತಿದಾನಾ, ಇಲ್ಲಾ ಫೋಟೋಗ್ರಾಫರ್ ಹೇಳಿದ್ದಕ್ಕೆ ಪೋಸ್ ಕೊಡ್ತಿದಾನಾ? ಸುತ್ತ ಯಾರೂ ಇಲ್ಲ, ಹುಲ್ಲು ತುಳಿದಿಲ್ಲ, ಬಟ್ಟೆ ಇಸ್ತ್ರಿ ಹಾಕಿದ ಹಾಗಿದೆ, ಅಂದ್ರೆ ಪೋಸ್. ಅಂಥದ್ದು ಆಟದ ಫೋಟೋ ಅಲ್ಲ, ಆಟಗಾರನ ಪೋರ್ಟ್ರೇಟ್. ಫಾರ್ವರ್ಡ್ ಪಾಸ್‌ಗೆ, ಅಂದ್ರೆ ಚೆಂಡನ್ನ ಮುಂದಕ್ಕೆ ಎಸೆಯೋದಕ್ಕೆ, ಅನುಮತಿ ಸಿಕ್ಕಿದ್ದೇ 1906ರಲ್ಲಿ, ಹಾಗಾಗಿ ಅದಕ್ಕಿಂತ ಹಳೇ ಫೋಟೋಗೆ ಪಾಸಿಂಗ್ ಅಂತ ಹಾಕೋಕೆ ಹೋದಾಗ ಕೈ ತಡೀಬೇಕು, ಅದೂ ಕಲಿತೆ.

ವರ್ಷ ಗೊತ್ತಾಗ್ದೇ ಇದ್ರೆ ಫೋಟೋ ಒಳಗಿನ ಸಾಮಾನೇ ಹೇಳುತ್ತೆ. ಗೋಲ್‌ಪೋಸ್ಟ್ ಗೋಲ್ ಲೈನ್ ಮೇಲೇ ನಿಂತಿದ್ರೆ 1927ಕ್ಕಿಂತ ಮುಂಚೆ, ಆ ವರ್ಷ ಕಾಲೇಜ್ ಆಟದಲ್ಲಿ ಅದನ್ನ ಎಂಡ್ ಜೋನ್, ಅಂದ್ರೆ ಗೋಲ್ ಲೈನ್ ಆಚೆಗಿನ ಪಟ್ಟಿ, ಅದರ ಹಿಂದಕ್ಕೆ ಸರಿಸಿದ್ರು. ಜೆರ್ಸಿಯ ಎದೆ ಬೆನ್ನು ಎರಡೂ ಕಡೆ ನಂಬರ್ ಕಡ್ಡಾಯ ಆಗಿದ್ದು 1937ರಲ್ಲಿ, ಹೆಲ್ಮೆಟ್ ಕಡ್ಡಾಯ ಆಗಿದ್ದು 1939ರಲ್ಲಿ. ಗೋಲ್‌ಪೋಸ್ಟ್ ತುಂಬಾ ಅಗಲ ಕಂಡ್ರೆ 1959ರ ಮೇಲೆ. ನನ್ನ ಡೆಸ್ಕ್ ಎದುರು ಇವೆಲ್ಲಾ ಒಂದು ಹಾಳೇಲಿ ಬರೆದು ಅಂಟಿಸ್ಕೊಂಡಿದ್ದೆ.

ಈಗ ನಾನು ಮಾಡಿದ ಮೊದಲ ದೊಡ್ಡ ತಪ್ಪಿಗೆ ಬರ್ತೀನಿ. ಸ್ಪ್ರೆಡ್‌ಶೀಟ್‌ನಲ್ಲಿ ಕೆಲಸ, ಒಂದು ಸಾಲು ಒಂದು ಫೋಟೋ. ಬೇಗ ಆಗ್ಲಿ ಅಂತ ಮೊದಲ 600 ಸಾಲಿಗೆ ಒಂದೇ ಸಲ ಫುಟ್‌ಬಾಲ್, ಫುಟ್‌ಬಾಲ್ ಪ್ಲೇಯರ್ಸ್, ಫುಟ್‌ಬಾಲ್ ಫ್ಯಾನ್ಸ್, ಸ್ಟೇಡಿಯಮ್ಸ್ ಅಂತ ನಾಲ್ಕೂ ತುಂಬ್ಬಿಟ್ಟೆ. ಸುಳ್ಳಂತೂ ಅಲ್ವಲ್ಲ, ಪ್ರತಿ ಫೋಟೋದಲ್ಲೂ ಆಟಗಾರರು ಇದ್ರು, ಹಿಂದೆ ಮಸುಕಾಗಿ ಜನ ಇದ್ರು, ಸ್ಟೇಡಿಯಂ ಇತ್ತು. ಟೆಸ್ಟ್ ಸೈಟಿಗೆ ಅಪ್‌ಲೋಡ್ ಆದ ಮೇಲೆ ಮೇಡಮ್ ನನ್ನನ್ನ ಪಕ್ಕದಲ್ಲಿ ಕೂರಿಸ್ಕೊಂಡು ಫುಟ್‌ಬಾಲ್ ಫ್ಯಾನ್ಸ್ ಅನ್ನೋದನ್ನ ಕ್ಲಿಕ್ ಮಾಡಿದ್ರು. 600 ಫೋಟೋ ಬಂತು. ಅದರಲ್ಲಿ ನಿಜವಾಗ್ಲೂ ಪ್ರೇಕ್ಷಕರನ್ನ ತೋರಿಸೋಕೆ ತೆಗೆದ ಫೋಟೋ, ಮಳೇಲಿ ನ್ಯೂಸ್‌ಪೇಪರ್ ತಲೆ ಮೇಲೆ ಹಿಡ್ಕೊಂಡು ಕೂತಿರೋ ಒಂದು ಸಾಲು ಹೆಂಗಸರು, ಬೋರ್ಡ್ ಹಿಡಿದಿರೋ ಹುಡುಗರು, ಅಂಥವು ಹೆಚ್ಚು ಅಂದ್ರೆ 30 ಇರಬಹುದು, ಅವೆಲ್ಲಾ 600ರ ಒಳಗೆ ಮುಳುಗಿಹೋಗಿದ್ವು. "ಪ್ರೇಕ್ಷಕರ ಬಗ್ಗೆ ಬರೆಯೋ ಒಬ್ಬಳು ಬಂದ್ರೆ ನಾವು ಅವಳ ಮುಂದೆ ಹುಲ್ಲಿನ ಬಣವೆ ಸುರಿದಂಗಾಯ್ತು" ಅನ್ನೋ ಅರ್ಥದಲ್ಲಿ ಏನೋ ಹೇಳಿದ್ರು, ಬೈಲಿಲ್ಲ. ನಾನು 600 ಸಾಲೂ ಅಳಿಸಿ ಮೊದಲಿಂದ ಶುರು ಮಾಡ್ದೆ. ಮೂರು ವಾರದ ಕೆಲಸ ಹೋಯ್ತು, ಆದ್ರೆ ಎರಡನೇ ಸಲ ಪ್ರತಿ ಫೋಟೋನೂ ನಿಜವಾಗ್ಲೂ ನೋಡ್ದೆ, ಮೊದಲನೇ ಸಲ ನಾನು ನೋಡೇ ಇರ್ಲಿಲ್ಲ ಅಂತ ಆಗ ಅರ್ಥ ಆಯ್ತು.

ಪುಸ್ತಕಗಳಿಗೆ ಹೆಡಿಂಗ್ ಕೊಡೋರಿಗೆ ಲೈಬ್ರರಿ ಆಫ್ ಕಾಂಗ್ರೆಸ್‌ನ ಮ್ಯಾನ್ಯುಯಲ್‌ನಲ್ಲಿ ಒಂದು ರೂಲ್ ಇದೆ, ಒಂದು ವಿಷಯ ಪುಸ್ತಕದ ಕನಿಷ್ಠ 20 ಪರ್ಸೆಂಟ್ ಇದ್ರೆ ಮಾತ್ರ ಅದಕ್ಕೆ ಹೆಡಿಂಗ್ ಕೊಡಿ ಅಂತ. ಸಾಮಾನ್ಯವಾಗಿ ಆರು ಹೆಡಿಂಗ್ ಸಾಕು, ಹತ್ತು ದಾಟಬೇಡಿ ಅಂತಾನೂ ಇದೆ. ಆ ತಪ್ಪಾದ ಮೇಲೆ ನಾನು ಈ 20 ಪರ್ಸೆಂಟ್ ರೂಲ್‌ನ ಗಟ್ಟಿಯಾಗಿ ಹಿಡ್ಕೊಂಡೆ. ಫೋಟೋದ ಐದರಲ್ಲಿ ಒಂದು ಭಾಗ ತುಂಬದೇ ಇರೋದನ್ನ ಬರೀತಾನೇ ಇರ್ಲಿಲ್ಲ. ಕೆಲಸ ಸಲೀಸಾಯ್ತು, ಸಾಲು ಸ್ವಚ್ಛವಾಗಿ ಕಾಣ್ತಿತ್ತು, ಒಂದು ತಿಂಗಳು ಹೀಗೇ ಸಾಗ್ತು.

ಆಮೇಲೆ ಒಂದು ಇಮೇಲ್ ಬಂತು. ಕ್ಯಾಂಪಸ್ಸಿನ ಹಳೇ ಕಟ್ಟಡಗಳ ಮೇಲೆ ಕೆಲಸ ಮಾಡ್ತಿದ್ದ ಒಬ್ಬ ಹೆಂಗಸು, ಎಷ್ಟೋ ವರ್ಷದ ಹಿಂದೆ ಕೆಡವಿ ಹಾಕಿದ ಪವರ್‌ಹೌಸ್‌ನ ಫೋಟೋ ಏನಾದ್ರೂ ಇದೆಯಾ ಅಂತ ಕೇಳಿದ್ರು. ಕ್ಯಾಟಲಾಗ್‌ನಲ್ಲಿ ಹುಡುಕಿದ್ವಿ, ಒಂದೂ ಇಲ್ಲ. ಅದಕ್ಕೆ ಇಲ್ಲ ಅಂತ ಉತ್ತರ ಬರೆಯೋಕೆ ಹೊರಟಿದ್ವಿ. ಅಷ್ಟರಲ್ಲಿ ನನಗೆ ಏನೋ ಕಣ್ಣ ಮುಂದೆ ಬಂದ ಹಾಗಾಯ್ತು, ಉತ್ತರ ಕಡೆ ಗೋಲ್‌ಪೋಸ್ಟ್ ಹಿಂದೆ, ಸ್ಟ್ಯಾಂಡ್ ಮುಗಿಯೋ ಕಡೆ, ಒಂದು ಇಟ್ಟಿಗೆ ಚಿಮಣಿ. ಎಷ್ಟೋ ಫೋಟೋದಲ್ಲಿ ನೋಡಿದ್ದೆ, ಹೊಗೆ ಬೇರೆ ಬರ್ತಿರುತ್ತೆ, ಆದ್ರೆ ಎಲ್ಲೂ ಬರೆದಿರ್ಲಿಲ್ಲ. ಅದು ಫೋಟೋದ ಎರಡು ಪರ್ಸೆಂಟೂ ಇರಲ್ಲ. ಎರಡು ದಿನ ಕೂತು ಪೂರ್ತಿ ಕಲೆಕ್ಷನ್ ತಿರುವಿದಾಗ 11 ಫೋಟೋ ಸಿಕ್ತು. ಅದರಲ್ಲಿ ಒಂದು ಇವತ್ತಿಗೂ ನನಗೆ ಹಾಗೇ ನೆನಪಿದೆ: ಮುಂದೆ ಕೆಸರು ಮೆತ್ತಿದ ಏಳೆಂಟು ಹುಡುಗರು ಒಬ್ಬರ ಮೇಲೊಬ್ಬರು ಬಿದ್ದಿದಾರೆ, ಚೆಂಡು ಎಲ್ಲಿದೆ ಅಂತಾನೇ ಕಾಣಲ್ಲ, ರೆಫ್ರಿ ಬಗ್ಗಿ ನೋಡ್ತಿದಾನೆ, ಅವನ ಭುಜದ ಮೇಲಿಂದ ಆಚೆಗೆ ಪವರ್‌ಹೌಸ್‌ನ ಪೂರ್ತಿ ಒಂದು ಮಗ್ಗುಲು, ಕಮಾನಿನ ಕಿಟಕಿ ಐದು, ಒಂದು ಕಿಟಕೀಲಿ ಇಬ್ಬರು ಕೆಲಸದೋರು ಮೊಣಕೈ ಊರಿ ಆಟ ನೋಡ್ತಿದಾರೆ. ಸ್ಕ್ಯಾನ್ ಜೂಮ್ ಮಾಡಿದ್ರೆ ಒಬ್ಬನ ಟೋಪಿ ಸಮೇತ ಕಾಣುತ್ತೆ. ಆ ಹೆಂಗಸಿಗೆ ಕಳಿಸಿದ್ವಿ. ಕಿಟಕಿಗಳು ಕಮಾನಿನ ಆಕಾರದಲ್ಲಿದ್ವು ಅಂತ ಅವರಿಗೆ ಆ ಫೋಟೋ ನೋಡೋವರೆಗೂ ಗೊತ್ತಿರ್ಲಿಲ್ವಂತೆ.

ಅಲ್ಲಿಗೆ ಎರಡು ಎಡವಟ್ಟು ಆಯ್ತು, ಒಂದ್ಸಲ ಎಲ್ಲಾನೂ ಬರೆದು, ಇನ್ನೊಂದ್ಸಲ ಬರೀದೇ. ಮೇಡಮ್ಮೂ ನಾನೂ ಒಂದು ಮಧ್ಯಾಹ್ನ ಪೂರ್ತಿ ಕೂತು ಇದಕ್ಕೊಂದು ದಾರಿ ಮಾಡ್ಕೊಂಡ್ವಿ. ಹಿನ್ನೆಲೇಲಿರೋ ವಸ್ತುಗೆ ಹೆಡಿಂಗ್ ಕೊಡಬೇಕಾ ಬೇಡ್ವಾ ಅನ್ನೋದನ್ನ ಆ ಫೋಟೋ ಒಂದನ್ನೇ ನೋಡಿ ಹೇಳೋಕಾಗಲ್ಲ, ಪೂರ್ತಿ ಆರ್ಕೈವ್ಸ್‌ನಲ್ಲಿ ಅದರದ್ದು ಬೇರೆ ಫೋಟೋ ಏನಿದೆ ಅಂತ ನೋಡಬೇಕು. ಲೈಬ್ರರಿ ಗೋಪುರ ಪ್ರತಿ ಎರಡನೇ ಫೋಟೋದಲ್ಲೂ ಇಣುಕುತ್ತೆ, ಆದ್ರೆ ಗೋಪುರದ ಒಳ್ಳೊಳ್ಳೆ ಫೋಟೋ ಬೇಕಾದಷ್ಟು ಬೇರೆ ಕಲೆಕ್ಷನ್‌ನಲ್ಲಿದೆ, ಇಲ್ಲಿ ಬರೆದ್ರೆ ಹುಡುಕೋರಿಗೆ ಬರೀ ತೊಂದರೆ. ಪವರ್‌ಹೌಸ್‌ದು ಬೇರೆ ಒಂದೂ ಇಲ್ಲ, ಹಾಗಾಗಿ ಎರಡು ಪರ್ಸೆಂಟ್ ಇದ್ರೂ ಬರೀಬೇಕು. ಹಳೇ ಮರದ ಸ್ಟ್ಯಾಂಡ್, ಸೈಕಲ್ ನಿಲ್ಲಿಸ್ತಿದ್ದ ಜಾಗ, ಪ್ರೆಸ್‌ನೋರು ಕೂತ್ಕೋತಿದ್ದ ತಗಡಿನ ಶೆಡ್, ಇವೂ ಹಾಗೇ ಸೇರಿದ್ವು. ಇದನ್ನ ಯಾವ ಮ್ಯಾನ್ಯುಯಲ್‌ನಲ್ಲೂ ನೋಡಿ ಮಾಡಿದ್ದಲ್ಲ, ಆದ್ರೆ ಫೋಟೋ ಕೆಲಸಕ್ಕೆ 20 ಪರ್ಸೆಂಟ್‌ಗಿಂತ ಇದೇ ಸರಿ ಅಂತ ನಾನು ಈಗ್ಲೂ ಗಟ್ಟಿಯಾಗಿ ಹೇಳ್ತೀನಿ.

ಹೆಡಿಂಗ್‌ನ ವಿಷಯದಲ್ಲಿ ಇನ್ನೊಂದು ಮಗ್ಗುಲಿದೆ, ಫೋಟೋದಲ್ಲಿ ಏನು ಕಾಣ್ತಿದೆ ಅನ್ನೋದು ಬೇರೆ, ಅದು ಯಾವುದರ ಬಗ್ಗೆ ಇದೆ ಅನ್ನೋದು ಬೇರೆ. ಸಾರಾ ಶಾಟ್‌ಫೋರ್ಡ್ ಅನ್ನೋರು 1986ರಲ್ಲಿ ಇದರ ಬಗ್ಗೆ ಬರೆದಿದ್ದನ್ನ ಕ್ಲಾಸಲ್ಲಿ ಓದಿದ್ದೆ, ಆಗ ಪರೀಕ್ಷೆಗೆ ಓದಿದ ಹಾಗೆ ಓದಿದ್ದು. ತಲೆಗೆ ಇಳಿದಿದ್ದು ಟ್ರೇನಿಂಗ್‌ನಲ್ಲಿ ಮೇಡಮ್ ಬೇರೆ ಕಡೆಯ ಎರಡು ಪ್ರಸಿದ್ಧ ಫೋಟೋ ತೋರಿಸಿದಾಗ. ಒಂದು 1918ರದ್ದು, ಜಾರ್ಜಿಯಾ ಟೆಕ್‌ನ ಸ್ಟೇಡಿಯಂ, ಥಾಮಸ್ ಕಾರ್ಟರ್ ಅನ್ನೋ ಅಲ್ಲಿನ ವಿದ್ಯಾರ್ಥಿ ತೆಗೆದಿದ್ದು. ಜನ ಗ್ಯಾಲರೀಲಿ ಕೂತು ಆಟ ನೋಡ್ತಿದಾರೆ, ಮುಖಕ್ಕೆ ಮಾಸ್ಕ್. ಅದಕ್ಕೆ ಫುಟ್‌ಬಾಲ್ ಫ್ಯಾನ್ಸ್ ಅಂತಷ್ಟೇ ಬರೆದ್ರೆ ಆ ಫೋಟೋ ಇದ್ದೂ ಇಲ್ದಂಗೆ, 1918-1919ರ ಇನ್‌ಫ್ಲುಯೆಂಜಾ ಎಪಿಡೆಮಿಕ್ ಅನ್ನೋ ಹೆಡಿಂಗ್ ಬೀಳ್ಲೇಬೇಕು. ಎರಡನೇದು 1951ರ ಅಕ್ಟೋಬರ್ 20ರದ್ದು, ಓಕ್ಲಹೋಮದ ಸ್ಟಿಲ್‌ವಾಟರ್‌ನಲ್ಲಿ ಡ್ರೇಕ್ ಯೂನಿವರ್ಸಿಟಿ ಆಟಗಾರ ಜಾನಿ ಬ್ರೈಟ್‌ಗೆ ಎದುರಾಳಿ ಹುಡುಗ ಹೊಡೆದು ದವಡೆ ಮುರಿದ ದೃಶ್ಯ. ಬ್ರೈಟ್ ಕಪ್ಪು ಹುಡುಗ, ಆ ಹೊಡೆತ ಬಿದ್ದಾಗ ಅವನ ಕೈಲಿ ಚೆಂಡೇ ಇರ್ಲಿಲ್ಲ. ಡೆ ಮೊಯಿನ್ ರಿಜಿಸ್ಟರ್ ಪತ್ರಿಕೆಯ ಡಾನ್ ಅಲ್ಟಾಂಗ್ ಮತ್ತೆ ಜಾನ್ ರಾಬಿನ್ಸನ್ ತೆಗೆದ ಆ ಸರಣಿಗೆ 1952ರಲ್ಲಿ ಪುಲಿಟ್ಜರ್ ಸಿಕ್ತು, ಹೊಡೆದ ಹುಡುಗನ ಯೂನಿವರ್ಸಿಟಿ ಕ್ಷಮೆ ಕೇಳಿದ್ದು 2005ರಲ್ಲಿ. ಆಟ ಗೊತ್ತಿಲ್ದೋರು ನೋಡಿದ್ರೆ ಅದೂ ಒಂದು ಟ್ಯಾಕಲ್ (ಚೆಂಡು ಹಿಡಿದೋನನ್ನ ಬೀಳಿಸೋದು) ಥರಾನೇ ಕಾಣುತ್ತೆ. ಕಣ್ಣಿಗೆ ಕಂಡಿದ್ದನ್ನಷ್ಟೇ ಬರೆದ್ರೆ ಟ್ಯಾಕ್ಲಿಂಗ್ ಅಂತ ಬರೆದು ಮುಂದಕ್ಕೆ ಹೋಗಿಬಿಡ್ತಿದ್ದೆ, ಅದು ನೆನೆಸ್ಕೊಂಡ್ರೆ ಎದೆ ಝಲ್ಲನ್ನುತ್ತೆ.

ಹಾಗಂತ ಚಿತ್ರದಲ್ಲಿ ಇಲ್ದಿರೋ ಅರ್ಥನ ನಾವೇ ತುಂಬೋಕೂ ಆಗಲ್ಲ. ನನಗೆ ಜಾಸ್ತಿ ಕಷ್ಟ ಕೊಟ್ಟಿದ್ದು ಒಂದು ಟೀಮ್ ಫೋಟೋ. 46 ಜನ, ಹಿಂದಿನ ಸಾಲಲ್ಲಿ ಒಬ್ಬನೇ ಕಪ್ಪು ಹುಡುಗ ಇದ್ದ ಹಾಗೆ ಕಾಣ್ತಿತ್ತು. ಆಫ್ರಿಕನ್ ಅಮೆರಿಕನ್ ಫುಟ್‌ಬಾಲ್ ಪ್ಲೇಯರ್ಸ್ ಅಂತ ಹೆಡಿಂಗ್ ಲಿಸ್ಟಲ್ಲಿದೆ. ಕೊಡ್ಲಾ ಬೇಡ್ವಾ? ಹಳೇ ಕಪ್ಪು ಬಿಳುಪು ಫೋಟೋದಲ್ಲಿ ಮುಖದ ಬಣ್ಣ ನೋಡಿ ಒಬ್ಬರ ಜನಾಂಗ ಇದು ಅಂತ ತೀರ್ಮಾನ ಮಾಡೋದು ಸರಿಯಲ್ಲ, ನೆರಳು ಬಿದ್ರೂ ಹಾಗೇ ಕಾಣುತ್ತೆ, ಅದಲ್ದೆ ಅದು ನಾವು ಹೇಳೋ ವಿಷಯಾನೇ ಅಲ್ಲ. ಕೊಡದೇ ಬಿಟ್ರೆ? ಈ ಕಾಲೇಜಿನ ಮೊದಮೊದಲ ಕಪ್ಪು ಆಟಗಾರರನ್ನ ಹುಡುಕ್ಕೊಂಡು ಬರೋ ಮೊಮ್ಮಗಳಿಗೋ ರಿಸರ್ಚ್ ಮಾಡೋರಿಗೋ ಅವನು ಸಿಗೋದೇ ಇಲ್ಲ. ಕೊನೆಗೆ ಅದೇ ವರ್ಷದ ಇಯರ್‌ಬುಕ್ ತೆಗೆದು ಸಾಲಿನ ಪ್ರಕಾರ ಹೆಸರು ಹಿಡಿದೆ, ಆ ಹೆಸರು ಇಟ್ಕೊಂಡು ಸ್ಟೂಡೆಂಟ್ ನ್ಯೂಸ್‌ಪೇಪರ್‌ನ ಮೈಕ್ರೋಫಿಲ್ಮ್‌ನಲ್ಲಿ ನಾಲ್ಕು ದಿನ ಕಣ್ಣಿಗೆ ಎಣ್ಣೆ ಬಿಟ್ಕೊಂಡು ಕೂತೆ, ಒಂದು ಸಣ್ಣ ವರದೀಲಿ ಅವನೇ ತನ್ನ ಬಗ್ಗೆ ಹೇಳ್ಕೊಂಡಿದ್ದು ಸಿಕ್ತು. ಆಮೇಲೇ ಹೆಡಿಂಗ್ ಹಾಕಿದ್ದು. ಒಂದು ಸಾಲಿಗೆ ನಾಲ್ಕು ದಿನ ಅಂದ್ರೆ ಯಾರಾದ್ರೂ ಜಾಸ್ತಿ ಅನ್ನಬಹುದು, ನನಗೆ ಹಾಗನ್ಸಲ್ಲ.

ಹಾಫ್‌ಟೈಮ್ ಫೋಟೋಗಳಲ್ಲಿ ಇನ್ನೊಂದು ಥರದ ಕಷ್ಟ. ಬಿಳಿ ಹುಡುಗರು ಗರಿ ಕಿರೀಟ ಹಾಕ್ಕೊಂಡು, ಮೈಗೆ ಬಣ್ಣ ಬಳ್ಕೊಂಡು ಮೂಲನಿವಾಸಿಗಳ ವೇಷದಲ್ಲಿ ಕುಣೀತಿರೋವು. ಆ ಕಾಲದಲ್ಲಿ ಅಮೆರಿಕದ ಎಷ್ಟೋ ಕಾಲೇಜಲ್ಲಿ ಇದಿತ್ತು, ಸ್ಟ್ಯಾನ್‌ಫೋರ್ಡ್ ತನ್ನ ಇಂಡಿಯನ್ ಲಾಂಛನ ಬಿಟ್ಟಿದ್ದು 1972ರಲ್ಲಿ, ಇಲಿನಾಯ್ ಯೂನಿವರ್ಸಿಟಿ ಚೀಫ್ ಇಲಿನಿವೆಕ್ ಅನ್ನೋ ಅಂಥದೇ ವೇಷನ ನಿಲ್ಲಿಸಿದ್ದು 2007ರಲ್ಲಿ. ಕವರ್ ಮೇಲೆ ಆ ಕಾಲದೋರು ಬರೆದ ಪದ ಓದೋಕೇ ಬೇಜಾರಾಗುತ್ತೆ. ನಾವು ಏನ್ ಮಾಡಿದ್ವಿ ಅಂದ್ರೆ, ಆ ಮೂಲ ಬರಹನ ಅಳಿಸ್ಲಿಲ್ಲ, ಅದನ್ನ ಕವರ್ ಮೇಲೆ ಇದ್ದದ್ದು ಅಂತ ಹೇಳಿ ನೋಟ್ ಫೀಲ್ಡ್‌ಗೆ ಹಾಕಿದ್ವಿ, ಟೈಟಲ್ ನಾವೇ ಬರೆದ್ವಿ, ಹೆಡಿಂಗ್‌ನಲ್ಲಿ ಮ್ಯಾಸ್ಕಾಟ್, ಅಂದ್ರೆ ಟೀಮಿನ ಲಾಂಛನ, ಆ ವಿಷಯದ್ದು ಕೊಟ್ವಿ. ಮೂಲನಿವಾಸಿಗಳ ಬಗ್ಗೆಯ ಹೆಡಿಂಗ್ ಆ ಫೋಟೋಗೆ ಕೊಡ್ಲಿಲ್ಲ, ಯಾಕಂದ್ರೆ ಆ ಫೋಟೋದಲ್ಲಿ ಅವರು ಇಲ್ವೇ ಇಲ್ಲ.

ಗುರುವಾರ ಗುರುವಾರ ಒಬ್ಬ ತಾತ ಬರ್ತಿದ್ರು, ಅದೇ ಕಾಲೇಜಲ್ಲಿ ಓದಿ 1950ರ ದಶಕದಲ್ಲಿ ಟೀಮಲ್ಲಿ ಗಾರ್ಡ್ ಅನ್ನೋ ಜಾಗದಲ್ಲಿ ಆಡಿದೋರು, 80 ದಾಟಿತ್ತು. ನಮಗೆ ಜನರ ಹೆಸರು ಹೇಳೋಕೆ ಅಂತ ವಾಲಂಟಿಯರ್ ಆಗಿ ಬರೋರು. ಅವರು ಫೋಟೋ ನೋಡೋ ರೀತೀನೇ ಬೇರೆ. ಸ್ಕ್ರೀನ್ ಮೇಲೆ ಹುಡುಗನ ಮುಖನ ಹೆಬ್ಬೆರಳಿಂದ ಮುಚ್ಚಿ ಕಾಲು ಮಾತ್ರ ನೋಡೋರು. "ಮುಖ ಮೋಸ ಮಾಡುತ್ತೆ ಮಗಾ, ಹೆಲ್ಮೆಟ್ ಒಳಗೆ ಎಲ್ರೂ ಒಂದೇ ಥರ, ಕಾಲು ನೋಡು" ಅನ್ನೋರು. ಒಬ್ಬ ಎಡಗಾಲಿನ ಹಿಮ್ಮಡಿಗೆ ಬಿಳೀ ಟೇಪ್ ಬೂಟಿನ ಮೇಲೇ ಸುತ್ಕೋತಿದ್ನಂತೆ, ಇನ್ನೊಬ್ಬ ಸಾಕ್ಸ್ ಯಾವಾಗ್ಲೂ ಕೆಳಗೆ ಇಳಿಸಿರ್ತಿದ್ನಂತೆ. ಹೀಗೆ ಹೇಳಿ ಹೇಳಿ 90 ಜನರ ಹೆಸರು ಕೊಟ್ರು, ಅದರಲ್ಲಿ ಬಹಳಷ್ಟು ರೋಸ್ಟರ್ (ಆಟಗಾರರ ಪಟ್ಟಿ) ಜೊತೆ ತಾಳೆ ಆಯ್ತು. ಒಂದು ಆಗ್ಲಿಲ್ಲ. ಅವರು ಖಂಡಿತ ಇವನೇ ಅಂದಿದ್ದ ಹುಡುಗ ಆ ಸೀಸನ್ ಪೂರ್ತಿ ಗಾಯ ಆಗಿ ಹೊರಗಿದ್ದ ಅಂತ ಪೇಪರ್‌ನಲ್ಲಿತ್ತು, ಅವನ ನಂಬರ್ ಜೆರ್ಸಿ ಬೇರೆಯವನು ಹಾಕ್ಕೊಂಡಿದ್ದ. ಹೇಗೆ ಹೇಳೋದು ಅಂತ ಒಂದು ವಾರ ತಡೆದೆ. ಹೇಳ್ದಾಗ ಅವರು ಸುಮ್ನೆ ಸ್ವಲ್ಪ ಹೊತ್ತು ಫೋಟೋ ನೋಡಿ "ಹಾಗಿದ್ರೆ ನಾನು ಇವನ ಪಕ್ಕ ಆಡಿಲ್ಲ, ನೆನಪಲ್ಲಿ ಆಡಿದೀನಿ" ಅಂದ್ರು. ಆಮೇಲಿಂದ ಎರಡು ಸಾಕ್ಷಿ ಇದ್ರೆ ಮಾತ್ರ ಹೆಸರು ಹೆಡಿಂಗ್‌ಗೆ, ಒಂದೇ ಇದ್ರೆ ಯಾರು ಗುರುತಿಸಿದ್ದು ಯಾವತ್ತು ಅಂತ ಬರೆದು ನೋಟ್‌ಗೆ, ಹೀಗೆ ಮಾಡ್ಕೊಂಡ್ವಿ. ನೋಟ್‌ನಲ್ಲಿದ್ರೂ ಸರ್ಚ್‌ಗೆ ಸಿಗುತ್ತೆ, ಹೆಡಿಂಗ್ ಅಂದ್ರೆ ಮಾತ್ರ ನಾವು ಗ್ಯಾರಂಟಿ ಕೊಟ್ಟಂಗೆ.

ಹೆಸರಿನ ಹೆಡಿಂಗ್‌ಗೂ ಒಂದು ಲಿಸ್ಟ್ ಇದೆ, ನೇಮ್ ಅಥಾರಿಟಿ ಫೈಲ್ ಅಂತ. ಇಲಿನಾಯ್‌ನ ದೊಡ್ಡ ಆಟಗಾರ ಹೆರಾಲ್ಡ್ ಗ್ರೇಂಜ್ ಅಂದ್ರೆ ಯಾರಿಗೂ ಗೊತ್ತಾಗಲ್ಲ, ಎಲ್ರೂ ರೆಡ್ ಗ್ರೇಂಜ್ ಅಂತಾನೇ ಕರೆದಿದ್ದು, ಲಿಸ್ಟಲ್ಲೂ "ಗ್ರೇಂಜ್, ರೆಡ್, 1903-1991" ಅಂತಾನೇ ಇದೆ. ಲಿಸ್ಟಲ್ಲಿ ಇಲ್ದೇ ಇರೋ ಹುಡುಗರೇ ನಮಗೆ ಜಾಸ್ತಿ, ಅವರಿಗೆಲ್ಲಾ ಅದೇ ಅಚ್ಚಿನಲ್ಲಿ ನಮ್ಮದೇ ಒಂದು ಲೋಕಲ್ ಫೈಲ್ ಮಾಡಿದ್ವಿ. ಯೂನಿವರ್ಸಿಟಿ ಹೆಸರಿನ ಮುಂದೆ ಎರಡು ಗೆರೆ ಎಳೆದು ಫುಟ್‌ಬಾಲ್ ಅಂತ ಸೇರಿಸೋಕೆ ಅವಕಾಶ ಇದೆ, ಉದಾಹರಣೆಗೆ "ಯೂನಿವರ್ಸಿಟಿ ಆಫ್ ನೋಟರ್ ಡೇಮ್--ಫುಟ್‌ಬಾಲ್", ಅದೇ ರೀತಿ ನಮ್ಮ ಯೂನಿವರ್ಸಿಟಿದು ಪ್ರತಿ ಫೋಟೋಗೂ ಹೋಯ್ತು, ಅದೊಂದು ಮಾತ್ರ ಕಣ್ಣು ಮುಚ್ಕೊಂಡು ಎಲ್ಲಾ ಸಾಲಿಗೂ ತುಂಬಬಹುದಾಗಿದ್ದು.

ಜಾಗದ ಹೆಡಿಂಗ್ ಬಗ್ಗೆ ಒಂದೇ ಉದಾಹರಣೆ ಸಾಕು. ರೋಸ್ ಬೌಲ್ ಅಂದ್ರೆ ಎರಡಿದೆ, ಒಂದು ಆಟ, ಇನ್ನೊಂದು ಕ್ಯಾಲಿಫೋರ್ನಿಯಾದ ಪಾಸಡೀನಾದಲ್ಲಿರೋ ಸ್ಟೇಡಿಯಂ, ಲಿಸ್ಟಲ್ಲಿ ಎರಡಕ್ಕೂ ಬೇರೆ ಬೇರೆ ಹೆಡಿಂಗ್. ಎರಡೂ ಒಂದೇ ತಾನೆ ಅಂತ ನಾನು ಕೇಳಿದ್ದಕ್ಕೆ ತಾತ 1942ರ ಕಥೆ ಹೇಳಿದ್ರು. ಪರ್ಲ್ ಹಾರ್ಬರ್ ದಾಳಿ ಆದ ಮೇಲೆ ಪಶ್ಚಿಮ ಕರಾವಳೀಲಿ ಅಷ್ಟು ಜನ ಸೇರೋದು ಬೇಡ ಅಂತ ಆ ವರ್ಷದ ರೋಸ್ ಬೌಲ್ ಆಟನ ನಾರ್ತ್ ಕ್ಯಾರೊಲೈನಾದ ಡರ್ಹ್ಯಾಮ್‌ಗೆ ತಗೊಂಡ್ಹೋಗಿ ಜನವರಿ 1ಕ್ಕೆ ಆಡಿಸಿದ್ರು, ಆರೆಗನ್ ಸ್ಟೇಟ್ 20-16ರಲ್ಲಿ ಡ್ಯೂಕ್‌ನ ಸೋಲಿಸ್ತು. ಆ ಫೋಟೋಗೆ ಯಾರಾದ್ರೂ ಪಾಸಡೀನಾ ಸ್ಟೇಡಿಯಂ ಹೆಡಿಂಗ್ ಕೊಟ್ರೆ ಅಮೆರಿಕದ ಒಂದು ತುದಿಯಿಂದ ಇನ್ನೊಂದು ತುದಿಗೆ ತಪ್ಪು.

ಕೊನೇ ತಿಂಗಳು ಪೂರ್ತಿ ಕ್ಲೀನಿಂಗ್. ಇದನ್ನ ಈ ಕೆಲಸ ಮಾಡೋರು ಯಾರಾದ್ರೂ ಓದ್ತಿದ್ರೆ ಅವರಿಗೋಸ್ಕರ ಹೇಳ್ತಿದೀನಿ, ಸ್ಪ್ರೆಡ್‌ಶೀಟ್‌ನಲ್ಲಿ ಹೆಸರಿನ ಹೆಡಿಂಗ್‌ನ ಮೂಲೆ ಹಿಡಿದು ಕೆಳಗೆ ಎಳೀಬೇಡಿ. ಕೊನೇಲಿ ಇಸವಿ ಇರುತ್ತಲ್ಲ, ಎಳೆದ್ರೆ ಅದು ಒಂದೊಂದೇ ಜಾಸ್ತಿ ಆಗ್ತಾ ಹೋಗುತ್ತೆ. ಒಬ್ಬ ಹಳೇ ಕೋಚ್‌ದು 60 ಫೋಟೋ ಇತ್ತು, ನಾನು ಎಳೆದಿದ್ದಕ್ಕೆ ಅವರು 60 ಬೇರೆ ಬೇರೆ ವರ್ಷ ತೀರ್ಕೊಂಡ ಹಾಗಾಗಿತ್ತು, ಸಿಸ್ಟಮ್‌ನಲ್ಲಿ 60 ಬೇರೆ ಬೇರೆ ವ್ಯಕ್ತಿ. ಕಾಪಿ ಮಾಡಿ ಪೇಸ್ಟ್ ಮಾಡಿ, ಅದೇ ಸುರಕ್ಷಿತ. ಇನ್ನೊಂದು, ನೋಟ್ಸ್‌ನ ವರ್ಡ್‌ನಲ್ಲಿ ಟೈಪ್ ಮಾಡ್ಕೊಂಡ್ರೆ ಎರಡು ಸಣ್ಣ ಗೆರೆನ ಅದೇ ಒಂದು ಉದ್ದ ಗೆರೆ ಮಾಡಿಬಿಡುತ್ತೆ, ನೋಡೋಕೆ ಗೊತ್ತೇ ಆಗಲ್ಲ, ಕಂಪ್ಯೂಟರ್‌ಗೆ ಅದು ಬೇರೆ ಹೆಡಿಂಗ್. ಎರಡು ಹೆಡಿಂಗ್ ಮಧ್ಯೆ ಸೆಮಿಕೋಲನ್ ಮರೆತ್ರೆ ಎರಡೂ ಸೇರಿ ಒಂದಾಗುತ್ತೆ. ಇವನ್ನೆಲ್ಲಾ ಕಣ್ಣಲ್ಲಿ ಹುಡುಕೋಕಾಗಲ್ಲ, ಓಪನ್‌ರಿಫೈನ್ ಅಂತ ಫ್ರೀ ಸಾಫ್ಟ್‌ವೇರ್ ಇದೆ, ಅದರ ಕ್ಲಸ್ಟರ್ ಆಪ್ಷನ್‌ನಲ್ಲಿ ಒಂದೇ ಥರ ಇರೋ ಹೆಡಿಂಗ್‌ಗಳನ್ನೆಲ್ಲಾ ಗುಂಪು ಮಾಡಿ ತೋರಿಸುತ್ತೆ. ನಮ್ಮದು 412 ಬೇರೆ ಬೇರೆ ಹೆಡಿಂಗ್ ಅಂತ ತೋರಿಸ್ತಿದ್ದಿದ್ದು ಸರಿ ಮಾಡಿದ ಮೇಲೆ 238ಕ್ಕೆ ಇಳೀತು.

ಕಡೇ ಫೋಲ್ಡರ್‌ನಲ್ಲಿ ಒಂದೇ ಫೋಟೋ ಉಳಿದಿತ್ತು. ಹಿಮ ಬಿದ್ದ ಸ್ಟೇಡಿಯಂ, ಒಬ್ಬ ಮನುಷ್ಯನೂ ಇಲ್ಲ, ಸ್ಟ್ಯಾಂಡ್ ಪೂರ್ತಿ ಬಿಳೀ, ಯಾರೋ ಯಾರ್ಡ್ ಲೈನ್‌ಗಳ ಮೇಲಿಂದ ಮಾತ್ರ ಹಿಮ ಗುಡಿಸಿ ಹೋಗಿದಾರೆ, ಬಿಳೀ ಮೈದಾನದಲ್ಲಿ ಕಪ್ಪು ಗೆರೆ ಗೆರೆ. ಸ್ಟೇಡಿಯಮ್ಸ್ ಅಂತ ಕೊಟ್ಟೆ, ಸ್ನೋ ಅಂತ ಕೊಟ್ಟೆ. ಫುಟ್‌ಬಾಲ್ ಅಂತ ಕೊಡಬೇಕಾ ಅನ್ನೋದರ ಮೇಲೆ ಮೇಡಮ್‌ಗೂ ನನಗೂ ಅರ್ಧ ಗಂಟೆ ವಾದ ಆಯ್ತು. ಆಟ ಇಲ್ಲ, ಚೆಂಡಿಲ್ಲ, ಆಡೋರಿಲ್ಲ, ಯಾಕೆ ಕೊಡ್ತೀಯ ಅಂದ್ರು. ಯಾರೋ ಆಟಕ್ಕೋಸ್ಕರ ತಾನೆ ಆ ಗೆರೆ ಗುಡಿಸಿರೋದು ಅಂದೆ ನಾನು. ಅವರು ಕನ್ನಡಕ ತೆಗೆದು ಸ್ಕ್ರೀನ್ ಹತ್ರ ಬಗ್ಗಿ, ಗೆರೆಗಳನ್ನ ಒಂದೊಂದಾಗಿ ಎಣಿಸೋ ಥರ ನೋಡಿದ್ರು, ಆಮೇಲೆ ಅವರೇ ಕೀಬೋರ್ಡ್ ಎಳ್ಕೊಂಡು ಆ ಪದ ಟೈಪ್ ಮಾಡಿ ಸೇವ್ ಮಾಡಿದ್ರು. ಶುಕ್ರವಾರ ಸಂಜೆ ಆ ಬ್ಯಾಚ್ ಅಪ್‌ಲೋಡ್ ಆಯ್ತು.